ಮಗುವಿನ ಬಾಯಲ್ಲಿ ಯಾರ ಮಾತು?

ಅಗಸೂರಿನಲ್ಲಾಗಲಿ ಅಂಕೋಲೆಯಲ್ಲಾಗಲಿ, ಶಾಲೆಯ ಸ್ನೇಹಸಮ್ಮೇಳನಕ್ಕೆ ಹೋದವರಿಗೆ ಈ ನೋಟ ಹೊಸದಲ್ಲ. ಗೇಣುದ್ದದ ಹುಡುಗ ವೇದಿಕೆಗೆ ಬಂದು ಚಿತ್ರದಲ್ಲಿ ಕೇಳಿದ ಮಾರುದ್ದದ ಮಾತನ್ನು ಒಪ್ಪಿಸುತ್ತಾನೆ. ಮಾಸ್ತರರನ್ನು ಗೇಲಿ ಮಾಡುತ್ತಾನೆ. ಅಪ್ಪನ ಬಡತನವನ್ನು ಆಡಿಕೊಳ್ಳುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮರುದಿನ ಅದೇ ಮಾತು ಮನೆಯಲ್ಲಿ ಬಂದರೆ, ದುಡಿದು ದಣಿದ ತಂದೆ ಕೆನ್ನೆಗೆ ಬಾರಿಸುತ್ತಾನೆ. ನಿನ್ನೆ ಮೆಚ್ಚಿದ್ದಕ್ಕೆ ಇಂದು ಪೆಟ್ಟೇಕೆಂದು ಆ ಮಗುವಿಗೆ ತಿಳಿಯುವುದಾದರೂ ಹೇಗೆ?

ತಪ್ಪು ಮಗುವಿನದಲ್ಲ. ಹಿರಿಯರು ಮೆಚ್ಚಿದ್ದನ್ನು ಕಿರಿಯರು ಕಲಿಯುತ್ತಾರೆ, ಅಷ್ಟೇ.

ಎದುರುತ್ತರ ಕೊಡುವ ಬಾಲಕ ಚಿತ್ರರಂಗದ ಹೊಸ ಶೋಧವೇನೂ ಅಲ್ಲ. ನಮ್ಮ ಜಿಲ್ಲೆಯ ಯಕ್ಷಗಾನ ಬಯಲಾಟದಲ್ಲಿ ಪ್ರಹ್ಲಾದನು ದೊರೆಯಾದ ತಂದೆಗೇ ಎದುರು ನಿಲ್ಲುತ್ತಾನೆ. ಅಭಿಮನ್ಯು ಹಿರಿಯ ರಥಿಕರನ್ನು ಮೂದಲಿಸುತ್ತಾನೆ. ಅದನ್ನು ನೋಡಿ ಮಕ್ಕಳು ಕೆಟ್ಟರೆಂದು ನಮ್ಮಲ್ಲಿ ಯಾರೂ ದೂರುವುದಿಲ್ಲ. ಏಕೆಂದರೆ ಅವರ ಮಾತಿನ ಮೊನೆ ಬಲಿಷ್ಠರ ದರ್ಪದ ಕಡೆಗಿದೆ, ಬಡವನ ಕಡೆಗಲ್ಲ. ಆ ಮಾತಿಗೆ ಅವರು ಬೆಲೆಯನ್ನೂ ತೆರುತ್ತಾರೆ.

1985ರಲ್ಲಿ ಎನ್. ಲಕ್ಷ್ಮೀನಾರಾಯಣ ನಿರ್ದೇಶಿಸಿದ 'ಬೆಟ್ಟದ ಹೂವು' ಚಿತ್ರವನ್ನು ನೆನೆಯೋಣ. ಪುನೀತ್ ರಾಜಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದರ ರಾಮು. ಆ ಹುಡುಗ ಬೆಟ್ಟದ ಹೂಗಳನ್ನು ಆಯ್ದು ಮಾರಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಲು ಕಾಸು ಕೂಡಿಡುತ್ತಾನೆ. ಕೊನೆಗೆ ಪುಸ್ತಕ ಬಿಟ್ಟು ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ಅವನದೂ ವಯಸ್ಸಿಗೆ ಮೀರಿದ ತಿಳಿವಳಿಕೆಯೇ. ಆದರೆ ಅದು ಚಳಿ ಕಲಿಸಿದ ತಿಳಿವಳಿಕೆ, ಸಂಭಾಷಣೆಕಾರನ ಚಮತ್ಕಾರವಲ್ಲ. ನೋಡಿದ ಮಗು ಅವನಿಂದ ಕಲಿಯುವುದು ಮರುಕವನ್ನು. ನೋಡಿದ ಹಿರಿಯರಿಗೆ ಮಾತ್ರ ನಾಚಿಕೆಯಾಗಬೇಕು: ಪುಸ್ತಕ ಮತ್ತು ಕಂಬಳಿ ಇವೆರಡರಲ್ಲಿ ಒಂದನ್ನು ಆರಿಸುವ ಗತಿ ಯಾವ ಮಗುವಿಗೂ ಬರಬಾರದು.

ತೆರೆಯ ಮೇಲಿನ ಬಾಲಕನೂ ಒಬ್ಬ ದುಡಿಮೆಗಾರನೆಂಬುದನ್ನು ಮರೆಯಲಾಗದು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಲಾಯಿತು. ಆದರೆ ಮನೆತನದ ಕಸುಬಿಗೂ ಬಾಲಕಲಾವಿದರಿಗೂ ಷರತ್ತಿನ ಮೇಲೆ ವಿನಾಯಿತಿ ದೊರೆಯಿತು. 2017ರ ನಿಯಮಗಳಂತೆ ಬಾಲಕಲಾವಿದರನ್ನು ದಿನಕ್ಕೆ 5 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ತಾಸಿಗಿಂತ ಹೆಚ್ಚು ದುಡಿಸಕೂಡದು. ಗಳಿಕೆಯಲ್ಲಿ ಕನಿಷ್ಠ ಶೇಕಡಾ 20ನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿಡಬೇಕು. 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಸಚಿವಾಲಯವು, ನೃತ್ಯಸ್ಪರ್ಧೆಗಳಲ್ಲಿ ಮಕ್ಕಳಿಂದ ದೊಡ್ಡವರ ಶೃಂಗಾರದ ಕುಣಿತ ಮಾಡಿಸಬೇಡಿರೆಂದು ಟೀವಿ ವಾಹಿನಿಗಳಿಗೆ ಸೂಚಿಸಿತು. ಕೇಳುವವರಿಲ್ಲದ ನಿಯಮ ಏನಾಗುತ್ತದೆಂಬುದನ್ನು ಎಂಟು ತಾಸಿನ ಪಾಳಿಗಾಗಿ ಹೋರಾಡಿದ ಗಿರಣಿ ಕಾರ್ಮಿಕರಿಗೆ ನಾವು ವಿವರಿಸಬೇಕಾಗಿಲ್ಲ.

ಮಕ್ಕಳ ಬಾಯಿ ಮುಚ್ಚಿಸಿರೆಂದು ನಾವು ಹೇಳುವುದಿಲ್ಲ. ಸುಮ್ಮನಿರುವ ಮಗು ನಾಳೆ ಸುಮ್ಮನಿರುವ ಕೂಲಿಯಾಗುತ್ತದೆ; ಅದು ಮಾಲಕರಿಗೆ ಬೇಕಾದುದು, ನಮಗಲ್ಲ. ಸ್ನೇಹಸಮ್ಮೇಳನಕ್ಕೆ ವಂತಿಗೆ ಕೊಡುವ ವ್ಯಾಪಾರಿ ಬಂಧುಗಳು, ಮಕ್ಕಳು ತಾವೇ ಕಟ್ಟಿದ ನಾಟಕಕ್ಕೆ ಬಹುಮಾನವಿಡಲಿ. ಕಾರ್ಮಿಕ ಬಂಧುಗಳು ಕೈ ಎತ್ತುವ ಮೊದಲು, ಈ ಮಾತು ಎಲ್ಲಿ ಕೇಳಿದೆ, ಅದರ ಅರ್ಥವೇನು ಎಂದು ಕೂರಿಸಿ ಕೇಳಲಿ. ಅಪ್ಪ ಬಡವನೆಂದು ನಗುವ ಮಗು, ಇಷ್ಟು ದುಡಿದರೂ ಅಪ್ಪನಿಗೆ ಪಗಾರ ಸಾಲದೇಕೆ ಎಂದು ಕೇಳಲು ಕಲಿಯಲಿ. ಆ ಪ್ರಶ್ನೆಗೆ ನಾವು ಚಪ್ಪಾಳೆ ತಟ್ಟುವೆವು.