ಆಟಗಾರನ ಹೆಸರು, ಬಣ್ಣ ನೋಡಿ ಬರೆಯುವ ಸುದ್ದಿ

2025ರ ಮಾರ್ಚ್ 4ರಂದು ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿಯ ಸೆಮಿಫೈನಲ್ ನಡೆದಾಗ ರಮಝಾನ್ ಆಗಷ್ಟೇ ಶುರುವಾಗಿತ್ತು. ಆಸ್ಟ್ರೇಲಿಯಾದ ಬ್ಯಾಟಿಂಗ್ ಮುಗಿದು ಭಾರತ ಆಡಲು ಇಳಿಯುವ ಹೊತ್ತಿಗೆ ಇಲ್ಲಿ ಶಿವಮೊಗ್ಗ, ಭದ್ರಾವತಿಯ ನಮ್ಮ ಮನೆಗಳಲ್ಲಿ ಇಫ್ತಾರಿಗೆ ಸುಪ್ರ ಹಾಸಿಯಾಗಿತ್ತು. ಮುಹಮ್ಮದ್ ಶಮಿ 48 ರನ್ ಕೊಟ್ಟು 3 ವಿಕೆಟ್ ಪಡೆದಿದ್ದರು. ಭಾರತ ಗೆದ್ದಿತು. ಆದರೆ ಎರಡು ದಿನ ಕಳೆಯುವುದರೊಳಗೆ ಟಿವಿಯಲ್ಲಿ ಉಳಿದದ್ದು ಆ ಮೂರು ವಿಕೆಟ್ ಅಲ್ಲ, ಮೈದಾನದಲ್ಲಿ ಶಮಿ ಕೈಯಲ್ಲಿದ್ದ ಒಂದು ಪಾನೀಯದ ಬಾಟಲಿ.

ಬರೇಲಿಯ ಮೌಲಾನಾ ಒಬ್ಬರು ಶಮಿ ತಪ್ಪಿತಸ್ಥ ಅಂದರು. ಸಾಕಾಯಿತು. ಚಾನೆಲ್‌ಗಳಿಗೆ ಒಂದು ವಾರದ ಸರಕು ಸಿಕ್ಕಿತು. ಪ್ರಯಾಣದಲ್ಲಿ ಇರುವವರು ನೋಂಬನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಬಹುದು ಎಂಬುದು ಅಲ್ ಬಖರ ಅಧ್ಯಾಯದಲ್ಲೇ ಇದೆ, ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಶಮಿ ದೇಶ ಬಿಟ್ಟು ದುಬೈಗೆ ಹೋಗಿ ಆಡುತ್ತಿದ್ದವರು. ಹಾಗೆ ಹೇಳಿದ ಉಲಮಾಗಳೂ ಇದ್ದರು, ಅವರಿಗೆ ಸಿಕ್ಕಿದ್ದು ಕೊನೆಯ ಅರ್ಧ ನಿಮಿಷ. ವರದಿ ಮಾಡುವವರು ಹತ್ತಿರದ ಮಸೀದಿಯ ಉಸ್ತಾದರಿಗೆ ಒಂದು ಫೋನ್ ಮಾಡಿದ್ದರೆ ವಿಷಯ ಮುಗಿಯುತ್ತಿತ್ತು. ಮುಗಿಯುವುದು ಯಾರಿಗೆ ಬೇಕಿತ್ತು ಹೇಳಿ? ಆ ಮೌಲಾನಾರಿಗೂ ಬೇಡ, ಟಿವಿಯವರಿಗೂ ಬೇಡ.

ಇದೇ ಶಮಿ 2021ರ ಅಕ್ಟೋಬರ್ 24ರಂದು ಇದೇ ದುಬೈಯಲ್ಲಿ ಪಾಕಿಸ್ತಾನದ ಎದುರು ರನ್ ಜಾಸ್ತಿ ಕೊಟ್ಟಾಗ ಏನಾಯಿತು ನೆನಪಿದೆಯಲ್ಲ. ಅಂದು ಭಾರತ ಸೋತದ್ದು ಹತ್ತು ವಿಕೆಟ್‌ಗಳಿಂದ. ಅಂದರೆ ನಮ್ಮ ಯಾವ ಬೌಲರಿಗೂ ಒಂದೇ ಒಂದು ವಿಕೆಟ್ ಸಿಗಲಿಲ್ಲ. ಬೈಗುಳ ಬಿದ್ದದ್ದು ಮಾತ್ರ ಒಂದು ಹೆಸರಿನ ಮೇಲೆ. ನಾಯಕ ವಿರಾಟ್ ಕೊಹ್ಲಿ ಆರು ದಿನದ ಬಳಿಕ ಪತ್ರಕರ್ತರ ಎದುರು ಕುಳಿತು, ಧರ್ಮ ನೋಡಿ ಒಬ್ಬನ ಮೇಲೆ ಬೀಳುವುದಕ್ಕಿಂತ ಕೀಳು ಕೆಲಸ ಇಲ್ಲ ಎಂಬರ್ಥದಲ್ಲಿ ಮಾತಾಡಿದರು. ಒಮ್ಮೆ ನೋಂಬು ಹಿಡಿಯದ್ದಕ್ಕೆ, ಇನ್ನೊಮ್ಮೆ ಆ ಹೆಸರು ಇದ್ದದ್ದಕ್ಕೆ. ಒಬ್ಬ ಮನುಷ್ಯ ಎಷ್ಟು ಕಡೆಯಿಂದ ತಿನ್ನಬೇಕು ಮಾರಾಯ್ರೆ!

ಹೊಗಳುವಾಗಲೂ ಹೀಗೇ. ಮುಹಮ್ಮದ್ ಸಿರಾಜ್ 2018ರಿಂದ 2024ರ ವರೆಗೆ ಆರ್‌ಸಿಬಿಯಲ್ಲಿ ಇದ್ದವರು, ನಮ್ಮ ಹುಡುಗರಿಗೆ ಮನೆಯವನಂತೆ. ಅವರು ಚೆನ್ನಾಗಿ ಬೌಲ್ ಮಾಡಿದ ದಿನ ಪತ್ರಿಕೆಗಳಲ್ಲಿ ಬರುತ್ತಿದ್ದದ್ದು 'ಆಟೋ ಚಾಲಕನ ಮಗ'. ಮೆಚ್ಚುಗೆಯೇ ಇರಬಹುದು, ಆಟೋ ಓಡಿಸುವುದರಲ್ಲಿ ನಾಚಿಕೆ ಎಂತದ್ದೂ ಇಲ್ಲ. ಶಿವಮೊಗ್ಗದ ಬಸ್ ಸ್ಟ್ಯಾಂಡ್ ಎದುರು ನಿಂತರೆ ನಮ್ಮವರೇ ಎಷ್ಟು ಮಂದಿ ಸಿಗುತ್ತಾರೆ. ಆದರೆ ಒಂದು ಐಪಿಎಲ್‌ನಲ್ಲಿ ಸಿರಾಜ್ ರನ್ ಬಿಟ್ಟುಕೊಟ್ಟಾಗ, ಕ್ರಿಕೆಟ್ ಬಿಟ್ಟು ಅಪ್ಪನ ಜೊತೆ ಆಟೋ ಓಡಿಸು ಅಂತ ಜನ ಹೇಳಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಹೊಗಳಲು ಹಚ್ಚಿದ ಚೀಟಿ ಬಯ್ಯುವುದಕ್ಕೂ ಆಯಿತು. ಅವರ ತಂದೆ 2020ರ ನವೆಂಬರಿನಲ್ಲಿ ತೀರಿಕೊಂಡಾಗ ಸಿರಾಜ್ ಆಸ್ಟ್ರೇಲಿಯಾದಲ್ಲೇ ಉಳಿದರು. 2021ರ ಜನವರಿಯಲ್ಲಿ ಸಿಡ್ನಿಯ ಪ್ರೇಕ್ಷಕರು ಜನಾಂಗದ ಹೆಸರಿನಲ್ಲಿ ಬೈದಾಗ ಅಂಪೈರ್ ಬಳಿ ಹೋಗಿ ದೂರು ಕೊಟ್ಟರು, ಆಟ ಕೆಲವು ನಿಮಿಷ ನಿಂತಿತು. ಮುಂದಿನ ಟೆಸ್ಟಿನಲ್ಲಿ ಬ್ರಿಸ್ಬೇನ್‌ನಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ 5 ವಿಕೆಟ್ ತೆಗೆದರು. ಸೀಮ್ ಹೇಗೆ ಹಿಡಿದರು, ಚೆಂಡು ಹೇಗೆ ಹೊರಳಿತು ಎಂದು ಓದಿದ ನೆನಪಿಗಿಂತ ಕಣ್ಣೀರಿನ ಕಥೆ ಓದಿದ ನೆನಪೇ ನನಗೆ ಜಾಸ್ತಿ.

ಹೆಸರಿನ ವಿಷಯ ಹೀಗಾದರೆ ಮೈಬಣ್ಣದ್ದು ಇನ್ನೊಂದು. ಇಂಗ್ಲೆಂಡಿನ ಫುಟ್ಬಾಲ್ ಆಟಗಾರರ ಸಂಘದ ಜೊತೆ ಸೇರಿ 2020ರಲ್ಲಿ ಒಂದು ಅಧ್ಯಯನ ನಡೆದಿತ್ತು. ಯುರೋಪಿನ 80 ಪಂದ್ಯಗಳ ಕಾಮೆಂಟರಿ ಕೇಳಿ ಲೆಕ್ಕ ಹಾಕಿದರೆ, ಜಾಣತನದ ಹೊಗಳಿಕೆಯಲ್ಲಿ ಹೆಚ್ಚು ಪಾಲು ಬಿಳಿಯರಿಗೆ, ಶಕ್ತಿ ಮತ್ತು ವೇಗದ ಹೊಗಳಿಕೆ ಕಪ್ಪು ಆಟಗಾರರಿಗೆ. ಅದು ಅಲ್ಲಿನ ಕಥೆ ಅಂದುಕೊಳ್ಳಬೇಡಿ. ಸಾಗರ, ಸೊರಬ ದಾಟಿದರೆ ಉತ್ತರ ಕನ್ನಡ. ಅಲ್ಲಿಯ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ, ಶತಮಾನಗಳಿಂದ ಇಲ್ಲಿಯವರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕಾದ ರಕ್ತ, ಹಾಗಾಗಿ ಓಡುತ್ತಾರೆ ಎಂಬುದೇ ಲೆಕ್ಕಾಚಾರ. ಮಕ್ಕಳು ಓಡಿದರು, ಪದಕವನ್ನೂ ತಂದರು. 1993ರಲ್ಲಿ ಯೋಜನೆಯನ್ನೇ ನಿಲ್ಲಿಸಿದರು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು, ಹಲವರು ಊರಿಗೆ ಮರಳಿ ಕೂಲಿಗೆ ಹೋದರು. ಈಗಲೂ ಸಿದ್ದಿಗಳ ಬಗ್ಗೆ ಟಿವಿಯಲ್ಲಿ ಬಂದರೆ ಮೊದಲು ಗುಂಗುರು ಕೂದಲು, ಆಮೇಲೆ 'ಭಾರತದ ಆಫ್ರಿಕಾ'. ಆ ಮಕ್ಕಳಿಗೆ ಟ್ರ್ಯಾಕ್ ಇದೆಯಾ, ಕೋಚ್ ಇದ್ದಾರಾ, ಊಟ ಎಂತದ್ದು ಎಂದು ಕೇಳುವವರು ಕಡಿಮೆ. ರಕ್ತದಲ್ಲೇ ಓಟ ಇದೆ ಅಂದುಬಿಟ್ಟರೆ ಉಳಿದದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ ನೋಡಿ.

ಭದ್ರಾವತಿಯಲ್ಲೇ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರನ್ನು ನೆನೆಸಿಕೊಳ್ಳಿ. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆ, ಆಮೇಲೆ 137. ನಮ್ಮ ಹಿರಿಯರು ಇವತ್ತಿಗೂ ಮಾತಾಡುವುದು ಅವರ ಮಣಿಕಟ್ಟು, ಸ್ಕ್ವೇರ್ ಕಟ್ ಬಗ್ಗೆ. ಅದೇ ಕಾಲದ ಕರ್ನಾಟಕ ತಂಡದ ಸೈಯದ್ ಕಿರ್ಮಾನಿ ಬಗ್ಗೆ ಕೇಳಿದರೆ ಕೀಪಿಂಗ್ ಕೈಗಳ ಬಗ್ಗೆ. ಆಟಗಾರನಿಗೆ ಬೇಕಾದದ್ದು ಇಷ್ಟೇ, ಜಾಸ್ತಿ ಅಲ್ಲ.

ಇನ್ನು ನಮ್ಮ ಮನೆಯೊಳಗಿನ ಮಾತು. ಘಟ್ಟ ಹತ್ತಿ ಬಂದ ಬ್ಯಾರಿಗಳಿಗೆ ತಪ್ಪು ಹೆಸರು ಹಚ್ಚಿಸಿಕೊಂಡು ಅಭ್ಯಾಸ ಇದೆ. ಉರ್ದು ಬಾರದಿದ್ದರೆ 'ನೀವು ಎಂಥ ಮುಸ್ಲಿಮರು' ಅನ್ನುವವರಿದ್ದಾರೆ, ಬ್ಯಾರಿ ಭಾಷೆ ಕೇಳಿದರೆ 'ಕೇರಳದವರಾ' ಅನ್ನುವವರಿದ್ದಾರೆ. ಹೀಗಿರುವ ನಾವು ಐಪಿಎಲ್ ನೋಡುತ್ತಾ ವೆಸ್ಟ್ ಇಂಡೀಸ್ ಆಟಗಾರರನ್ನು ಏನೆಂದು ಕರೆಯುತ್ತೇವೆ? ಮಕ್ಕಳ ಎದುರೇ 'ಕರಿಯ'. ಪ್ರೀತಿಯಿಂದ ಅನ್ನುತ್ತೇವೆ, ಅಲ್ವಾ? ಡ್ಯಾರೆನ್ ಸ್ಯಾಮಿಯನ್ನು ಹೈದರಾಬಾದ್ ತಂಡದ ಜೊತೆಗಾರರು 'ಕಾಲೂ' ಅನ್ನುತ್ತಿದ್ದದ್ದೂ ಹಾಗೆಯೇ. ಅದರ ಅರ್ಥ 2020ರಲ್ಲಿ ಗೊತ್ತಾದಾಗ ಅವರಿಗೆ ನೋವಾಯಿತು. ಅದೇ ಹೊತ್ತಿಗೆ ನಮ್ಮ ಕರ್ನಾಟಕದ ದೊಡ್ಡ ಗಣೇಶ್ ಕೂಡ ತಾವು ಆಡುತ್ತಿದ್ದಾಗ ಬಣ್ಣದ ಮಾತು ಕೇಳಬೇಕಾಗಿ ಬಂದದ್ದನ್ನು ಬರೆದರು. ಮಲಪ್ಪುರಂ ಕಡೆ ಸೆವೆನ್ಸ್ ಫುಟ್ಬಾಲ್ ನೋಡಲು ಹೋಗುವ ನಮ್ಮ ಹುಡುಗರಿಗೆ ಗೊತ್ತು, ಆಫ್ರಿಕಾದ ಯಾವ ದೇಶದಿಂದ ಬಂದರೂ ಅಲ್ಲಿ ಅವನು 'ಸುಡಾನಿ'. 2024ರ ಮಾರ್ಚಿನಲ್ಲಿ ಅರೀಕೋಡ್ ಹತ್ತಿರ ಐವರಿ ಕೋಸ್ಟ್‌ನ ಆಟಗಾರನೊಬ್ಬ, ಪ್ರೇಕ್ಷಕರು ಬಣ್ಣ ಹಿಡಿದು ಬೈದರು, ಅಟ್ಟಿಸಿಕೊಂಡು ಬಂದು ಹೊಡೆದರು ಎಂದು ಪೊಲೀಸರಿಗೆ ದೂರು ಕೊಟ್ಟ. ಆ ಪ್ರೇಕ್ಷಕರಲ್ಲಿ ನಮ್ಮಂಥವರು ಯಾರೂ ಇರಲಿಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ಸಿಡ್ನಿಯಲ್ಲಿ ಸಿರಾಜ್‌ಗೆ ಆದದ್ದಕ್ಕೆ ಸಿಟ್ಟಾದವರು ಇದಕ್ಕೂ ಸಿಟ್ಟಾಗಬೇಕಿತ್ತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅಂಥ ಸಿಟ್ಟು ನಾನು ಕಾಣಲಿಲ್ಲ.

ದೊಡ್ಡವರ ಕಥೆ ಬಿಡಿ. ನನ್ನ ತಂಗಿಯ ಮಗಳು ಭದ್ರಾವತಿಯಿಂದ ಕಾಲೇಜಿಗೆ ಹೋಗುವವಳು. ಒಂದು ಕ್ರೀಡಾಕೂಟದಲ್ಲಿ 800 ಮೀಟರ್ ಓಟದಲ್ಲಿ ಎರಡನೆಯವಳಾಗಿ ಬಂದಳು. ಪತ್ರಿಕೆಯೊಂದರಲ್ಲಿ ಫೋಟೋ ಬಂತು, ಮನೆಯಲ್ಲಿ ಎಲ್ಲರಿಗೂ ಖುಷಿ. ಬರೆದವರದ್ದು ಒಳ್ಳೆಯ ಮನಸ್ಸೇ. ತಲೆಗೆ ಸ್ಕಾರ್ಫ್ ಕಟ್ಟಿ ಓಡಿದ ಮುಸ್ಲಿಂ ಹುಡುಗಿ, ಕಟ್ಟುಪಾಡು ಮೀರಿದವಳು ಎಂದೆಲ್ಲ ನಾಲ್ಕು ಸಾಲು ಇತ್ತು. ಅವಳನ್ನು ಮೈದಾನಕ್ಕೆ ಮೊದಲು ಕರೆದುಕೊಂಡು ಹೋದದ್ದು ಅವಳ ಬಾಪ, ಬೆಳಗ್ಗೆ ಐದಕ್ಕೆ ಎಬ್ಬಿಸುವುದು ಅವಳ ಉಮ್ಮ. ಮೀರಿದ ಕಟ್ಟುಪಾಡು ಯಾವುದು ಅಂತ ಆ ಇಬ್ಬರಿಗೂ ಅರ್ಥ ಆಗಿಲ್ಲ. ಅವಳು ಎರಡು ಸಲ ಓದಿ ಕೇಳಿದಳು, 'ಮಾಮ, ನಾನು ಎಷ್ಟು ಹೊತ್ತಿನಲ್ಲಿ ಓಡಿದೆ ಅಂತ ಎಲ್ಲೂ ಇಲ್ಲ ಅಲ್ವಾ?'

ಇರಲಿಲ್ಲ. ಗೆದ್ದ ಹುಡುಗಿಯ ಸಮಯವೂ ಇರಲಿಲ್ಲ. ಇಬ್ಬರದ್ದನ್ನೂ ಹಾಕಿ ಅಂತ ಸಂಪಾದಕರಿಗೆ ಎರಡು ಸಾಲಿನ ಪತ್ರ ಬರೆದಿದ್ದೇನೆ, ಇನ್ನೂ ಬಂದಿಲ್ಲ.