ಕೆರೆ ಕಾಣುವ ಸೈಟು

ಯಾವ ಸಣ್ಣ ಪಟ್ಟಣಕ್ಕೆ ಹೋದರೂ ಊರಿಗಿಂತ ಮೊದಲು ಫ್ಲೆಕ್ಸು ಎದುರಾಗುವ ಕಾಲ ಇದು. ಹಸಿರು ಹುಲ್ಲು, ನೀಲಿ ನೀರು, ಒಂದು ಜೋಡಿ ಬಿಳಿ ಹಂಸ (ನಮ್ಮ ಕಡೆಯ ಕೆರೆಯಲ್ಲಿ ಹಂಸ ಕಂಡವರು ಯಾರೋ!), ಕೆಳಗೆ ದಪ್ಪ ಅಕ್ಷರದಲ್ಲಿ ‘ಲೇಕ್ ವ್ಯೂ ಲೇಔಟ್, ಪರಿಸರಸ್ನೇಹಿ ಬಡಾವಣೆ, 30-40 ಸೈಟುಗಳು, ಸಾಲ ಸೌಲಭ್ಯ ಉಂಟು’. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಗೂ ಈ ಗಾಳಿ ಬೀಸಿದೆ. ನ್ಯಾಮತಿಯಂತೂ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾದ ಊರು. ತಾಲ್ಲೂಕು ಕಚೇರಿ ಬಂದ ಊರಿಗೆ ಸೈಟು ವ್ಯಾಪಾರವೂ ಬೆನ್ನಿಗೇ ಬರುತ್ತದೆ. ಅದು ತಪ್ಪೆಂದು ಹೇಳಲು ಈ ಪುಟ ಮೀಸಲಿಟ್ಟಿಲ್ಲ. ನಿವೃತ್ತಿ ಹಣದಲ್ಲಿ ಕೆರೆಯ ಬದಿಗೆ ಒಂದು ಪುಟ್ಟ ಮನೆ ಕಟ್ಟಿಕೊಂಡು, ಬೆಳಿಗ್ಗೆ ಏರಿಯ ಮೇಲೆ ಅಡ್ಡಾಡಿ, ಸಂತೆಯಿಂದ ಸೊಪ್ಪು ತಂದು ಬದುಕಬೇಕೆಂಬ ಮೇಷ್ಟ್ರ ಆಸೆಯನ್ನು ಆಡಿಕೊಳ್ಳುವುದು ಸಣ್ಣತನ. ನಮ್ಮ ತಕರಾರು ಇಷ್ಟೇ: ಬಡಾವಣೆಯಿಂದ ಕೆರೆ ಹೇಗೆ ಕಾಣುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಬಡಾವಣೆಯಿಂದ ಕೆರೆಗೆ ಏನು ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿ. ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ನೀರು ನಿಲ್ಲುವ ಜಾಗ ಸುಮಾರು 6,500 ಎಕರೆ. ಆ ನೀರನ್ನು ಕಳಿಸಿಕೊಡುವ ಜಲಾನಯನ ಪ್ರದೇಶ 81,000 ಎಕರೆಗೂ ಮೇಲೆ, ಅಂದರೆ ಹತ್ತಿರ ಹತ್ತಿರ 330 ಚದರ ಕಿಲೋಮೀಟರ್. ಲೆಕ್ಕ ಹಾಕಿದರೆ ಒಂದೊಂದು ಎಕರೆ ನೀರಿನ ಹಿಂದೆ ಹನ್ನೆರಡು ಎಕರೆ ನೆಲ ದುಡಿಯುತ್ತಿದೆ. ಏರಿಯ ಮೇಲೆ ನಿಂತವರ ಕಣ್ಣಿಗೆ ಬೀಳುವುದು ಆ ಹದಿಮೂರರಲ್ಲಿ ಒಂದು ಪಾಲು ಮಾತ್ರ. ಉಳಿದ ಹನ್ನೆರಡು ಪಾಲಿನಲ್ಲಿ ಹೊಲ, ತೋಟ, ಗುಡ್ಡ, ಗೋಮಾಳ, ಹಳ್ಳ, ಊರುಗಳಿವೆ. ಎಲ್ಲೋ ಒಂದು ಹಳ್ಳಕ್ಕೆ ಮಣ್ಣು ಹೊಡೆಸಿ ಸೈಟು ಮಾಡಿದವರು, ತಾವು ಕೆರೆಯಿಂದ ಹತ್ತು ಕಿಲೋಮೀಟರ್ ದೂರ ಇದ್ದೇವೆ, ಕೆರೆ ಒತ್ತುವರಿಗೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೇ ಲೆಕ್ಕದಲ್ಲಿದೆ.

ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿಗೆ ಒಡ್ಡು ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು. ಏರಿ ಉದ್ದವೇನಲ್ಲ. ನೀರು ತಾನಾಗಿಯೇ ಬಂದು ಸೇರುವ ಜಾಗ ಹುಡುಕಿದ್ದರಲ್ಲೇ ಅವರ ಅರ್ಧ ಕೆಲಸ ಮುಗಿದಿತ್ತು. ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಅಚ್ಚುಕಟ್ಟಿಗೆ ನೀರು ಒಯ್ಯುತ್ತವೆ. ಇಲ್ಲಿಂದ ಹೊರಟ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಚಿತ್ರದುರ್ಗದ ನಲ್ಲಿಗಳಿಗೂ ಇದೇ ಕೆರೆಯ ನೀರು ಹೋಗುತ್ತದೆ.

ಈ ಕೆರೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ನೆಲ ಸೂಳೆಯರದಾಗಿತ್ತಂತೆ, ಕೆರೆಗೆ ನಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆ ಎಂದರಂತೆ, ಅವಳು ಒಪ್ಪಿದಳಂತೆ. ಭೂಸ್ವಾಧೀನದ ಈ ಕಥೆಯಲ್ಲಿ ನೆಲದವರನ್ನು ಕೇಳಿದ್ದರು, ಅವರು ಷರತ್ತು ಹಾಕಿದ್ದರು, ಆ ಷರತ್ತು ನಡೆಯಿತು ಕೂಡ. ನಮ್ಮ ಕಾಲದ ಎಷ್ಟು ಯೋಜನೆಗಳ ಬಗ್ಗೆ ಹೀಗೆ ಹೇಳಬಹುದು?

ಆ ನೆಲದ ಗಡಿಯನ್ನು ಈಗ ಕಾಯುತ್ತಿರುವವರು ಊರ ಹುಡುಗರು. ಕೆರೆಯ ಸರ್ವೆ ಆಗಲಿ, ಗಡಿಗೆ ಕಲ್ಲು ನೆಡಲಿ ಎಂದು ಖಡ್ಗ ಸಂಘದ ಯುವಕರು ವರ್ಷಗಟ್ಟಲೆ ಕಚೇರಿಗಳನ್ನು ಅಲೆದರು. ಕೆರೆ ಉಳಿಸಿ ಎಂದು ಕೂಗುವುದಕ್ಕಿಂತ ಸರ್ವೆ ಮಾಡಿಸಿ ಎಂದು ಪಟ್ಟು ಹಿಡಿಯುವುದು ಕಷ್ಟದ ಕೆಲಸ. ಕಲ್ಲು ನೆಟ್ಟ ಕೂಡಲೇ ಯಾರ ತೋಟ ಎಲ್ಲಿಯವರೆಗೆ ಎಂಬುದು ಹೊರಬೀಳುತ್ತದೆ, ಪಕ್ಕದ ಮನೆಯವರೇ ಮಾತು ಬಿಡುತ್ತಾರೆ.

ಜಗಳೂರಿನದು ಬೇರೆಯೇ ಕಥೆ. ಅಲ್ಲಿ ಕೆರೆ ಊರಿಗೇ ಅಂಟಿಕೊಂಡಿದೆ, ನೀರು ಮಾತ್ರ ಇರಲಿಲ್ಲ. ಜಿಲ್ಲೆಯಲ್ಲೇ ಮಳೆ ಕಮ್ಮಿ ಇರುವ ತಾಲ್ಲೂಕು. ಕೊಳವೆಬಾವಿಯಲ್ಲಿ ನೀರು ಸಿಕ್ಕರೆ ಅದರ ಜೊತೆ ಫ್ಲೋರೈಡು. ಒಂದು ತಲೆಮಾರಿನ ಮಕ್ಕಳು ಕೆರೆಯೆಂದರೆ ಬಳ್ಳಾರಿ ಜಾಲಿ ಬೆಳೆಯುವ ಬಯಲು ಎಂದೇ ತಿಳಿದು ಬೆಳೆದರು. ಸಿರಿಗೆರೆ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರ ಒತ್ತಾಸೆಯಿಂದ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂತು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಪೈಪಿನಲ್ಲಿ ಇಲ್ಲಿಯವರೆಗೆ ತರುವ ಯೋಜನೆ ಅದು. ದಶಕಗಳ ಮೇಲೆ ಜಗಳೂರು ಕೆರೆಯಲ್ಲಿ ನೀರು ನಿಂತಾಗ ಊರಿನವರು ಜಾತ್ರೆಗೆ ಬಂದ ಹಾಗೆ ಬಂದು ನೋಡಿದರು. ವಯಸ್ಸಾದವರು ಕೈಮುಗಿದರು.

ನೀರು ನಿಂತ ಕೆರೆಯ ಪಕ್ಕದ ನೆಲಕ್ಕೆ ರೇಟು ಏರುವುದಕ್ಕೆ ಎಷ್ಟು ದಿನ ಬೇಕು? ಬತ್ತಿದ ಕೆರೆಯನ್ನು ಯಾರೂ ಫ್ಲೆಕ್ಸಿಗೆ ಹಾಕುವುದಿಲ್ಲ. ಜಗಳೂರಿನ ನೀರು ಮೋಡದಿಂದ ಪುಕ್ಕಟೆ ಬಿದ್ದದ್ದಲ್ಲ, ಕರೆಂಟು ಸುಟ್ಟು ನದಿಯಿಂದ ಎತ್ತಿ ತಂದದ್ದು. ಅಂಥ ನೀರಿಗೆ ಊರಿನ ಚರಂಡಿ ಬಿಡುವುದೆಂದರೆ ದುಡ್ಡು ಕೊಟ್ಟು ತಂದ ಹಾಲಿಗೆ ಕೈಯಾರೆ ಹುಳಿ ಹಿಂಡಿದ ಹಾಗೆ. ಇದೇ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದು 2011ರಲ್ಲಿ ವನ್ಯಧಾಮವನ್ನೇ ಘೋಷಿಸಲಾಯಿತು. ಕೊಂಡುಕುರಿಗೆ ಜಾಗ ಬಿಟ್ಟ ತಾಲ್ಲೂಕು ಕೆರೆಯ ಸುತ್ತ ನಾಲ್ಕು ಗಜ ಬಿಡಲಾರದೆ?

ಹೊನ್ನಾಳಿಗೆ ಕೆರೆಗಿಂತ ನದಿಯೇ ಹತ್ತಿರ. ತುಂಗೆ, ಭದ್ರೆ ಕೂಡ್ಲಿಯಲ್ಲಿ ಒಂದಾಗಿ ಬರುವುದು ಇಲ್ಲಿಗೇ. ಗಾಜನೂರು ಅಣೆಕಟ್ಟೆಯ ಗೇಟು ಎತ್ತಿದ ಸುದ್ದಿ ಬಂತೆಂದರೆ ನದಿ ದಡದ ಬಾಲರಾಜ್ ಘಾಟಿನವರು ಪಾತ್ರೆ ಪಗಡೆ ಕಟ್ಟಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಕಾಳಜಿ ಕೇಂದ್ರ, ಬೇಸಿಗೆಯಲ್ಲಿ ಮತ್ತೆ ಅದೇ ಮನೆ. ನೀರಿನ ದಡದ ಬದುಕು ಬಡವರಿಗೆ ಹೀಗಿರುತ್ತದೆ. ಅದನ್ನೇ ಸ್ವಲ್ಪ ಎತ್ತರದಲ್ಲಿ ನಿಂತು ಮಾರಿದರೆ ‘ರಿವರ್ ವ್ಯೂ’.

ಇನ್ನು ಕಾನೂನು. ಬೆಂಗಳೂರಿನ ಕೆರೆಗಳ ಪ್ರಕರಣದಲ್ಲಿ 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಮೀಸಲು ಪ್ರದೇಶ ಬಿಡಬೇಕೆಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ರಾಜ್ಯದ ಕೆರೆ ಕಾಯ್ದೆಯಲ್ಲಿದ್ದದ್ದು 30 ಮೀಟರ್. 2025ರಲ್ಲಿ ಸರ್ಕಾರ ವಿಧಾನಮಂಡಲದ ಮುಂದೆ ತಂದ ತಿದ್ದುಪಡಿ ಮಸೂದೆಯಲ್ಲಿ ಕೆರೆಯ ಅಳತೆ ನೋಡಿ ಅಂತರ ನಿಗದಿ ಮಾಡುವ ಲೆಕ್ಕಾಚಾರ ಇತ್ತು. 100 ಎಕರೆ ದಾಟಿದರೆ 30 ಮೀಟರ್, ಒಂದರಿಂದ ಹತ್ತು ಎಕರೆಯ ಕೆರೆಗೆ 6 ಮೀಟರ್, ಐದು ಗುಂಟೆಯೊಳಗಿನದಕ್ಕೆ ಏನೂ ಇಲ್ಲ. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ: ದೊಡ್ಡದಕ್ಕೆ ದೊಡ್ಡ ಜಾಗ, ಚಿಕ್ಕದಕ್ಕೆ ಚಿಕ್ಕ ಜಾಗ. ಆದರೆ ಸೂಳೆಕೆರೆಯಂಥ ಕೆರೆಯನ್ನು ನುಂಗುವುದು ಸುಲಭವಲ್ಲ. ನುಂಗಲು ಬರುವುದು ಊರ ಹೊರಗಿನ ಎರಡೆಕರೆ ಕಟ್ಟೆ, ದನಕ್ಕೆ ನೀರು ಕುಡಿಸುವ ಗೋಕಟ್ಟೆ, ಮಳೆ ಬಂದಾಗ ತುಂಬಿ ತಿಂಗಳೊಪ್ಪತ್ತಿನಲ್ಲಿ ಇಂಗುವ ಕುಂಟೆ. ಸಣ್ಣ ಪಟ್ಟಣಗಳ ಸುತ್ತ ಇರುವುದೇ ಇವು. ದೊಡ್ಡ ಕೆರೆಗೆ ಹೂಳು ಹೋಗದಂತೆ ಮೊದಲು ತಡೆಯುವುದೂ ಇವೇ. 6 ಮೀಟರ್ ಎಂದರೆ 20 ಅಡಿ. 30-40 ಸೈಟಿನ ಅಗಲಕ್ಕೂ ಸಾಲದು. ಇದ್ದ ರಕ್ಷಣೆಯನ್ನು ಅದರ ಅಗತ್ಯ ಹೆಚ್ಚಿರುವ ಕಡೆಯೇ ಕಿತ್ತುಕೊಳ್ಳುವ ಮಸೂದೆ ಇದು ಎಂಬುದು ನಮ್ಮ ಅಭಿಪ್ರಾಯ.

ಫ್ಲೆಕ್ಸಿನ ‘ಪರಿಸರಸ್ನೇಹಿ’ ಎಂಬ ಮಾತಿಗೆ ಬಂದರೆ, ಮನೆಗಳ ವಿಷಯದಲ್ಲಿ ನಮ್ಮವರು ಯಾರಿಂದಲೂ ಕಲಿಯಬೇಕಾದ್ದಿಲ್ಲ. ಮಳೆ ಕಡಿಮೆಯಿರುವ ಜಗಳೂರು ಸೀಮೆಯಲ್ಲಿ ಮಣ್ಣಿನ ಮಾಳಿಗೆ, ಬೆಳಕಿಗೆ ಗವಾಕ್ಷಿ. ಮಲೆನಾಡಿನ ಸೆರಗಿನ ನ್ಯಾಮತಿ, ಚನ್ನಗಿರಿ ಕಡೆಗೆ ಇಳಿಜಾರು ಹೆಂಚು. ಎರಡಕ್ಕೂ ಬೇಸಿಗೆಯಲ್ಲಿ ಫ್ಯಾನು ಬೇಕಾಗುತ್ತಿರಲಿಲ್ಲ. ಈಗ ಎರಡು ಕಡೆಯೂ ಒಂದೇ ಆರ್‌ಸಿಸಿ.

ಚನ್ನಗಿರಿಯ ಇನ್ನೊಂದು ಸಂಕಟವನ್ನು ಹೇಳಲೇಬೇಕು. ಅಡಿಕೆ ಸುಗ್ಗಿಯಲ್ಲಿ ಆ ದಾರಿಯಲ್ಲಿ ಹೋದವರಿಗೆ ಗೊತ್ತು. ಚೇಣಿದಾರರ ಮನೆಗಳಲ್ಲಿ ಸುಲಿದ ಸಿಪ್ಪೆ ಟ್ರ್ಯಾಕ್ಟರಿನಲ್ಲಿ ಬಂದು ರಸ್ತೆ ಬದಿಗೆ, ಹಳ್ಳದ ಬದಿಗೆ ಬೀಳುತ್ತದೆ. ಮೇಲಿನದು ಒಣಗಿ ಹಳದಿ, ಒಳಗಿನದು ಕೊಳೆತು ಕಪ್ಪು. ಯಾರೋ ಬೆಂಕಿ ಇಟ್ಟರೆ ಧಗಧಗ ಉರಿಯುವುದಿಲ್ಲ, ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಬೆಳಿಗ್ಗೆ ಮಂಜು ಯಾವುದು, ಹೊಗೆ ಯಾವುದು ಎಂದು ತಿಳಿಯದೆ ಬೈಕಿನವರು ಕೆಮ್ಮುತ್ತ ಹೋಗುತ್ತಾರೆ. ಮಳೆ ಬಂದರೆ ಅದರ ಚೊಗರು ನೀರೆಲ್ಲ ಹಳ್ಳಕ್ಕೆ. ಇದೇ ಸಿಪ್ಪೆಗೆ ಸಗಣಿ ಬಗ್ಗಡ ಹಾಕಿ ಕೊಳೆಸಿದರೆ ತೋಟಕ್ಕೆ ಒಳ್ಳೆಯ ಗೊಬ್ಬರ. ಹಾಗೆ ಮಾಡುತ್ತಿರುವ ರೈತರೂ ಇದ್ದಾರೆ. ಆದರೆ ಒಬ್ಬೊಬ್ಬರೇ ಮಾಡಿದರೆ ಸಾಲದು. ತುಮ್ಕೋಸ್‌ನಂಥ ದೊಡ್ಡ ಅಡಿಕೆ ಸಹಕಾರ ಸಂಘ ಇರುವ ಊರಿದು. ಸಂಘದ ಕಡೆಯಿಂದ ಗೊಬ್ಬರದ ಅಂಗಳ ಒಂದಾದರೆ ಊರಿನ ಉಸಿರಿಗೂ ಕೆರೆಗೂ ಒಳ್ಳೆಯದು.

ಪಾಯಿಖಾನೆ ಗುಂಡಿಯ ಮಾತನ್ನು ಸಾಹಿತ್ಯ ಪತ್ರಿಕೆಯಲ್ಲಿ ಬರೆಯಬಾರದೆಂದು ಕೆಲವರಿಗೆ ಅನಿಸಬಹುದು. ಬರೆಯದೆ ಇದ್ದರೆ ಪರಿಸರಸ್ನೇಹಿ ಎಂಬ ಮಾತು ಸುಳ್ಳಾಗುತ್ತದೆ. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಗುಂಡಿ ತುಂಬಿದಾಗ ಸಕ್ಕಿಂಗ್ ಗಾಡಿ ಬರುತ್ತದೆ, ತುಂಬಿಕೊಂಡು ಹೋಗುತ್ತದೆ. ಎಲ್ಲಿಗೆ? ದೇವನಹಳ್ಳಿಯಲ್ಲಿ 2015ರಿಂದ ಇದಕ್ಕೆಂದೇ ಮಲತ್ಯಾಜ್ಯ ಸಂಸ್ಕರಣಾ ಘಟಕವಿದೆ. ಅಲ್ಲಿ ಒಣಗಿಸಿದ ಕೆಸರನ್ನು ಊರಿನ ಹಸಿ ಕಸದೊಂದಿಗೆ ಸೇರಿಸಿ ಗೊಬ್ಬರ ಮಾಡುತ್ತಾರೆ. ಊರಿಡೀ ಕೊಳವೆ ಹೂಳುವ ದುಬಾರಿ ಕೆಲಸಕ್ಕೆ ಕಾಯದೆ ಸಣ್ಣ ಊರೊಂದು ಕಂಡುಕೊಂಡ ದಾರಿ ಅದು. ವಾಕಿಂಗ್ ಪಾಥು, ಬಣ್ಣದ ಬೆಂಚು, ಕಾರಂಜಿಗಿಂತ ಕೆರೆಗೆ ಇದರಿಂದ ಆಗುವ ಉಪಕಾರ ದೊಡ್ಡದು. ಕಾರಂಜಿಗಾದರೆ ಉದ್ಘಾಟನೆ ಇರುತ್ತದೆ, ಇದಕ್ಕೆ ಇರುವುದಿಲ್ಲ. ವ್ಯತ್ಯಾಸ ಅಷ್ಟೇ.

ಸೈಟು ಕೊಳ್ಳುವ ಓದುಗರಲ್ಲಿ ಒಂದು ಮಾತು. ಮುಂಗಡ ಕೊಡುವ ಮೊದಲು ಪಹಣಿಯಲ್ಲಿ ‘ಬಿ’ ಖರಾಬು ಎಷ್ಟಿದೆ ನೋಡಿ. ಹಳ್ಳ, ಬಂಡಿದಾರಿ, ಕಟ್ಟೆ ಅಡಗಿರುವುದು ಅಲ್ಲೇ. ಗ್ರಾಮ ನಕಾಶೆ ಕೇಳಿ ಪಡೆಯಿರಿ. ಮೊಬೈಲಿನ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲೇ ನಿಂತರೆ ಕಾಲಡಿಯ ಸರ್ವೆ ನಂಬರು ಯಾವುದೆಂದು ತಿಳಿಯುತ್ತದೆ. ಆಮೇಲೆ ಒಂದು ಜೋರು ಮಳೆ ಬರುವವರೆಗೆ ತಡೆದು, ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಹೋಗಿ ನೋಡಿ. ನಾಲ್ಕೂ ತಾಲ್ಲೂಕಿನ ಓದುಗರು ತಮ್ಮ ಊರಿನ ಕಟ್ಟೆ, ಕುಂಟೆ, ಹಳ್ಳಗಳ ಹೆಸರನ್ನೂ ಅವುಗಳ ಈಗಿನ ಸ್ಥಿತಿಯನ್ನೂ ಬರೆದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ. ಹೆಸರು ಮಾತ್ರ ಉಳಿದಿರುವವುಗಳನ್ನೂ ಬಿಡದೆ ಬರೆಯಿರಿ.