ಕಾಗದದ ಬೆಟ್ಟ, ಕಬ್ಬಿಣದ ಬೆಟ್ಟ

ಮಕ್ಕಳಿರುವ ಮನೆಯವರಿಗೆಲ್ಲ ಒಂದು ಸಂಗತಿಯು ತಿಳಿದೇ ಇರುವುದು. ಊರ ಜಾತ್ರೆಯಿಂದಲೋ, ಮೈಸೂರಿನ ದಸರಾ ವಸ್ತುಪ್ರದರ್ಶನದಿಂದಲೋ, ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾ ವಿನೋದವನದಿಂದಲೋ ಮರಳಿ ಬಂದ ಹುಡುಗನು ಮರುದಿನವೇ ಲೆಕ್ಕದ ಪುಸ್ತಕದ ಕಡೆಯ ಹಾಳೆಯಲ್ಲಿ ಒಂದು ಬೆಟ್ಟವನ್ನು ಬರೆಯುತ್ತಾನೆ. ಬೆಟ್ಟದ ಹೊಟ್ಟೆಯಲ್ಲಿ ಒಂದು ಸುರಂಗ, ಸುರಂಗದ ಬಾಯಲ್ಲಿ ಒಂದು ರಾಕ್ಷಸನ ಮುಖ, ಅದರೊಳಗಿಂದ ಧುಮುಕುವ ಒಂದು ಬಂಡಿ. ತಾಯಿಯನ್ನು ಕರೆದು, "ಇಲ್ಲಿ ನೋಡಮ್ಮ, ಇಂತಹದು ಎಲ್ಲಿಯೂ ಇಲ್ಲ, ಇದನ್ನು ನಾನೇ ಕಟ್ಟುತ್ತೇನೆ" ಎನ್ನುತ್ತಾನೆ. ತಾಯಿಗೆ ಒಲೆಯ ಮೇಲಿನ ಅನ್ನದ ಚಿಂತೆ. ತಂದೆಗೆ ಮುಂದಿನ ವಾರದ ಪರೀಕ್ಷೆಯ ಚಿಂತೆ. "ಲೆಕ್ಕ ಬಿಟ್ಟು ಇದೆಂತಹ ಗೀಚಾಟವೋ?" ಎಂಬ ಮಾತಿನಲ್ಲಿ ಪ್ರಕರಣವು ಮುಗಿಯುತ್ತದೆ.

ಈ ಗೀಚಾಟದಿಂದ ಎಂದಾದರೂ ನಿಜವಾದ ಬೆಟ್ಟವು ಎದ್ದುದುಂಟೆ? ಉಂಟು, ಆದರೆ ನಾವು ಎಣಿಸುವ ರೀತಿಯಲ್ಲಲ್ಲ. ಅದು ಎದ್ದ ಬಗೆಯನ್ನು ತಿಳಿದರೆ ಮಗುವಿಗೆ ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬುದೂ ತಿಳಿದೀತೆಂದು ಈ ತಿಂಗಳು ಅದನ್ನೇ ವಿಷಯವಾಗಿ ತೆಗೆದುಕೊಂಡಿದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಆನಹೈಮ್ ಎಂಬ ಊರಿನಲ್ಲಿ 1955ನೆಯ ಇಸವಿ ಜುಲೈ 17ರಂದು ವಾಲ್ಟ್ ಡಿಸ್ನಿ ಎಂಬವರು ಡಿಸ್ನಿಲ್ಯಾಂಡ್ ಎಂಬ ವಿನೋದವನವನ್ನು ತೆರೆದರು. ಆ ಪ್ರಾಂತದಲ್ಲಿಯೇ ಬೆಳೆದ ಟೋನಿ ಬ್ಯಾಕ್‌ಸ್ಟರ್ ಎಂಬ ಹುಡುಗನಿಗೆ ಅಲ್ಲಿಯ ಆಟಗಳೆಂದರೆ ಪ್ರಾಣ. 1965ರಲ್ಲಿ, ಹದಿನೆಂಟರ ಆಸುಪಾಸಿನ ವಯಸ್ಸಿನಲ್ಲಿ, ಆತನು ಅದೇ ವನದೊಳಗೆ ಕೆಲಸಕ್ಕೆ ಸೇರಿದನು. ಕೆಲಸವೇನೆಂದರೆ ಬಂದವರಿಗೆ ಐಸ್‌ಕ್ರೀಮನ್ನು ತೋಡಿ ಕೊಡುವುದು! ವಿದ್ಯಾರ್ಥಿಯಾಗಿದ್ದ ಆ ದಿನಗಳಲ್ಲಿಯೇ, 1964ರಲ್ಲಿ ಬಂದಿದ್ದ 'ಮೇರಿ ಪಾಪಿನ್ಸ್' ಎಂಬ ಚಲಚ್ಚಿತ್ರವನ್ನು ಆಧರಿಸಿ ಒಂದು ಹೊಸ ಸವಾರಿಯು ಹೇಗಿರಬಹುದೆಂದು ತಾನೇ ಕಲ್ಪಿಸಿ ಚಿತ್ರಗಳನ್ನು ರಚಿಸಿದನು. ಹೀಗೆ ಮಾಡೆಂದು ಯಾರೂ ಅವನಿಗೆ ಹೇಳಿರಲಿಲ್ಲ, ಕೂಲಿಯನ್ನೂ ಕೊಡಲಿಲ್ಲ.

ಆ ಮೇರಿ ಪಾಪಿನ್ಸ್ ಸವಾರಿಯು ಏನಾಯಿತೆಂದು ವಾಚಕರು ಕೇಳಬಹುದು. ಅದನ್ನು ಯಾರೂ ಕಟ್ಟಲಿಲ್ಲ. ಆದರೆ ಅದನ್ನು ಕಲ್ಪಿಸಿದ ತರುಣನನ್ನು 1970ರಲ್ಲಿ ಡಿಸ್ನಿಯವರ ವಿನ್ಯಾಸಶಾಲೆಯು ಕೆಲಸಕ್ಕೆ ತೆಗೆದುಕೊಂಡಿತು. ಅಲ್ಲಿಂದ ಮುಂದೆ ಬ್ಯಾಕ್‌ಸ್ಟರರ ಮುಂದಾಳುತನದಲ್ಲಿ ಎದ್ದ ಆಟಗಳು ಒಂದೆರಡಲ್ಲ. ಗಣಿಯ ರೈಲಿನಂತೆ ಗುಡ್ಡದ ಸುತ್ತ ಓಡುವ 'ಬಿಗ್ ಥಂಡರ್ ಮೌಂಟನ್' 1979ರಲ್ಲಿ ತೆರೆಯಿತು. 'ಸ್ಪ್ಲ್ಯಾಶ್ ಮೌಂಟನ್' 1989ರಲ್ಲಿ. 'ಇಂಡಿಯಾನಾ ಜೋನ್ಸ್' ಸವಾರಿಯು 1995ರಲ್ಲಿ. 1992ರಲ್ಲಿ ಪ್ಯಾರಿಸ್ ನಗರದ ಬಳಿ ತೆರೆದ ಡಿಸ್ನಿ ವಿನೋದವನದ ವಿನ್ಯಾಸದ ಹೊಣೆಯೂ ಅವರದೇ ಆಗಿತ್ತು. ಎಂದಮೇಲೆ ಕಾಗದದ ಮೇಲಿನ ಮೊದಲನೆಯ ಕನಸು ಹಾಳಾಯಿತೆನ್ನಬಹುದೆ? ಅದು ಆಟವಾಗಿ ಏಳಲಿಲ್ಲ, ನಿಜ. ಆದರೆ ಆಟಗಳನ್ನು ಕಟ್ಟುವ ಒಬ್ಬ ಮನುಷ್ಯನನ್ನು ಅದು ಕಟ್ಟಿತು.

ಈ ಕಸಬಿನಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿ ಕೈಬಿಟ್ಟ ಕಲ್ಪನೆಯನ್ನು ಕಸದ ಬುಟ್ಟಿಗೆ ಎಸೆಯುವುದಿಲ್ಲ. ನಮ್ಮ ಗೃಹಿಣಿಯರು ಹಳೆಯ ಸೀರೆಯನ್ನು ಕೌದಿಗೆಂದು ಎತ್ತಿಡುವಂತೆ ಎತ್ತಿಡುತ್ತಾರೆ. ಮಾರ್ಕ್ ಡೇವಿಸ್ ಎಂಬ ಹಿರಿಯ ಚಿತ್ರಗಾರರು ಅಮೆರಿಕದ ಪಶ್ಚಿಮ ಪ್ರಾಂತಗಳ ಹಳೆಯ ಕಾಲವನ್ನು ತೋರಿಸುವ ದೊಡ್ಡದೊಂದು ದೋಣಿವಿಹಾರವನ್ನು ಯೋಚಿಸಿದ್ದರು. ಅದು ಏಳಲಿಲ್ಲ, ಆ ಯೋಜನೆಯ ನೆರಳಿನಲ್ಲಿಯೇ ಗಣಿಯ ರೈಲಿನ ಬೆಟ್ಟವು ಹುಟ್ಟಿತು. ಬ್ಯಾಕ್‌ಸ್ಟರರು ಆನಹೈಮಿಗಾಗಿ 'ಡಿಸ್ಕವರಿ ಬೇ' ಎಂಬ ಒಂದು ಕಲ್ಪನೆಯ ಬಂದರನ್ನು ರಚಿಸಿದ್ದರು. ಅದರಲ್ಲಿ ಹೈಪೀರಿಯನ್ ಎಂಬ ಭಾರಿ ವಾಯುನೌಕೆಯೊಂದು ನಿಲ್ಲಬೇಕಾಗಿತ್ತು. ಬಂದರು ಕಾಗದದಲ್ಲಿಯೇ ಉಳಿಯಿತು. ವಾಯುನೌಕೆಯ ಮೂತಿ ಮಾತ್ರ ವರ್ಷಗಳ ಮೇಲೆ ಪ್ಯಾರಿಸ್ಸಿನ ವನದಲ್ಲಿ ಗೋಡೆಯಿಂದ ಹೊರಚಾಚಿ ನಿಂತಿತು.

ಸ್ಪ್ಲ್ಯಾಶ್ ಮೌಂಟನ್ನಿನ ಕಥೆಯಂತೂ ಇನ್ನೂ ಸ್ವಾರಸ್ಯವಾಗಿದೆ. 1983ರಲ್ಲಿ ಒಂದು ದಿನ ಬ್ಯಾಕ್‌ಸ್ಟರರು ಕಚೇರಿಗೆ ಹೋಗುವಾಗ ದಾರಿಯಲ್ಲಿ ಮೋಟಾರುಗಳ ಸಾಲಿನ ನಡುವೆ ಸಿಕ್ಕಿಕೊಂಡರಂತೆ. ಆಗ ಅವರ ತಲೆಯಲ್ಲಿ ಮೂರು ತೊಡಕುಗಳಿದ್ದವು: ವನದ ಒಂದು ಮೂಲೆಗೆ ಜನರು ಬರುತ್ತಿರಲಿಲ್ಲ, ನೀರಿನ ಕಾಲುವೆಯಲ್ಲಿ ಧುಮುಕುವ ಆಟವೊಂದು ಬೇಕೆಂಬ ಒತ್ತಾಯವಿತ್ತು, 'ಅಮೆರಿಕ ಸಿಂಗ್ಸ್' ಎಂಬ ಹಳೆಯ ಪ್ರದರ್ಶನದ, ಹಾಡಿ ಕುಣಿಯುವ ಯಂತ್ರದ ಬೊಂಬೆಗಳನ್ನು ಏನು ಮಾಡುವುದೆಂಬ ಪ್ರಶ್ನೆಯಿತ್ತು. ಮೂರಕ್ಕೂ ಒಂದೇ ಉತ್ತರವು ಹೊಳೆಯಿತು. 1946ರ 'ಸಾಂಗ್ ಆಫ್ ದ ಸೌತ್' ಎಂಬ ಚಿತ್ರದೊಳಗಿನ ಮೊಲ, ನರಿ, ಕರಡಿಗಳ ಕಥೆಯನ್ನು ಹೇಳುತ್ತ, ಆ ಹಳೆಯ ಬೊಂಬೆಗಳ ನಡುವೆ ದೋಣಿಯನ್ನು ನಡೆಯಿಸಿ, ಕಡೆಗೆ ಸುಮಾರು 50 ಅಡಿಯ ಎತ್ತರದಿಂದ ಕೆಳಗೆ ಬಿಡುವುದು! ದಾರಿಯಲ್ಲಿ ಹೊಳೆದ ಯೋಚನೆಯು ನೀರು ಕಂಡು ನಿಲ್ಲಲು ಆರು ವರ್ಷಗಳು ಹಿಡಿದವು.

ಆದರೆ ಆ ಚಿತ್ರವು ಕರಿಯ ಜನರನ್ನು ತೋರಿಸಿದ ರೀತಿಯು ಸರಿಯಲ್ಲವೆಂಬ ಆಕ್ಷೇಪಣೆಯು ಬಹುಕಾಲದಿಂದಲೂ ಇದ್ದಿತು. 2020ರ ಜೂನ್ ತಿಂಗಳಿನಲ್ಲಿ ಕೆಲವರು ಅಭಿಮಾನಿಗಳು ಒಂದು ಮನವಿಯನ್ನು ಹೊರಡಿಸಿದರು. ಬೆಟ್ಟವನ್ನು ಕೆಡವುವುದು ಬೇಡ. ಅದೇ ಕಾಲುವೆ, ಅದೇ ಧುಮುಕು ಇರಲಿ. ಕಥೆಯನ್ನು ಮಾತ್ರ ಬದಲಾಯಿಸಿ, 2009ರ 'ದ ಪ್ರಿನ್ಸೆಸ್ ಅಂಡ್ ದ ಫ್ರಾಗ್' ಚಿತ್ರದ ಟಿಯಾನಾ ಎಂಬ ಕರಿಯ ರಾಜಕುಮಾರಿಯ ಕಥೆಯನ್ನು ತುಂಬಿರಿ ಎಂಬುದೇ ಅದರ ಸಾರಾಂಶ. ಸಾವಿರಾರು ಮಂದಿ ಸಹಿ ಹಾಕಿದರು. ಹಳೆಯದೇ ಇರಲೆಂದು ಕೇಳುವ ಎದುರು ಮನವಿಗಳೂ ಹೊರಟವು. ಅದೇ ತಿಂಗಳ 25ರಂದು ಕಂಪೆನಿಯು ಟಿಯಾನಾಳ ಕಥೆಯೇ ಬರುವುದೆಂದು ಪ್ರಕಟಿಸಿತು. 2024ರ ಜೂನ್ 28ರಂದು ಫ್ಲಾರಿಡಾದಲ್ಲಿಯೂ, ಅದೇ ವರ್ಷದ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೂ ಹೊಸ ಸವಾರಿಯು ತೆರೆಯಿತು.

ಅಭಿಮಾನಿಗಳು ಕೇಳಿದರು, ಕಂಪೆನಿಯು ಕಟ್ಟಿತು ಎಂದು ಇಲ್ಲಿಗೆ ಮುಗಿಸಿಬಿಡಬಹುದಾಗಿತ್ತು. ಆದರೆ ಈ ಕೆಲಸವು ಹಿಂದಿನ ವರ್ಷದಿಂದಲೇ ತಮ್ಮಲ್ಲಿ ನಡೆಯುತ್ತಿದ್ದಿತೆಂದು ಕಂಪೆನಿಯವರು ಹೇಳಿದರು. ಇದರಲ್ಲಿ ಅಸಂಭವವೇನೂ ಇಲ್ಲ. ಒಂದೇ ಬೆಟ್ಟ, ಒಂದೇ ಆಕ್ಷೇಪಣೆ, ಕೈಯಳತೆಯಲ್ಲಿರುವ ಒಂದೇ ಕಥೆ. ಒಳಗಿನವರಿಗೂ ಹೊರಗಿನವರಿಗೂ ಅದೇ ಉತ್ತರವು ತೋರುವುದು ಸಹಜವೇ. ಒಂದೇ ಬೀದಿಯ ಎರಡು ಮನೆಗಳಲ್ಲಿ ಒಂದೇ ದಿನ ಹಲಸಿನಕಾಯಿ ಹುಳಿ ಬೆಂದರೆ ಒಬ್ಬರದನ್ನು ಇನ್ನೊಬ್ಬರು ಕದ್ದರೆಂದು ಹೇಳಲಾಗುವುದಿಲ್ಲ. ಮರದಲ್ಲಿ ಕಾಯಿ ಬಂದಿತ್ತು, ಅಷ್ಟೆ.

ಹಾಗಾದರೆ ಕಲ್ಪನೆಯು ಯಾರ ಸೊತ್ತು? ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಇದರ ಹಿಂದೆ ಹಣವೂ ಇದೆ, ಮನಸ್ಸಿನ ನೋವೂ ಇದೆ. ಕ್ರೀಡಾಂಗಣಗಳ ಒಂದು ದೊಡ್ಡ ಸಮುಚ್ಚಯವನ್ನು ಕಟ್ಟುವ ಯೋಜನೆಯನ್ನು ಮೊದಲು ತಾವು ಡಿಸ್ನಿಯವರ ಮುಂದಿಟ್ಟೆವೆಂದೂ, ಅದನ್ನೇ ಅವರು ತಮ್ಮನ್ನು ಬಿಟ್ಟು ಕಟ್ಟಿಕೊಂಡರೆಂದೂ ಇಬ್ಬರು ಉದ್ಯಮಿಗಳು ಫ್ಲಾರಿಡಾದಲ್ಲಿ ದಾವೆ ಹೂಡಿದ್ದರು. ಕಂಪೆನಿಯು ಇದನ್ನು ಒಪ್ಪಲಿಲ್ಲ. 2000ನೆಯ ಇಸವಿಯಲ್ಲಿ ಜ್ಯೂರಿಯವರು ಉದ್ಯಮಿಗಳಿಗೆ 24 ಕೋಟಿ ಡಾಲರುಗಳನ್ನು ಕೊಡತಕ್ಕದ್ದೆಂದು ತೀರ್ಮಾನವಿತ್ತರು. ಆಮೇಲೆ ಎರಡು ಪಕ್ಷದವರೂ ರಾಜಿಯಾದರು. ಹೊರಗಿನವರು ತಾವಾಗಿ ಕಳುಹಿಸುವ ಸಲಹೆಗಳನ್ನು ನಾವು ಸ್ವೀಕರಿಸುವುದಿಲ್ಲವೆಂದು ದೊಡ್ಡ ಕಂಪೆನಿಗಳು ಏಕೆ ಬರೆದಿಡುತ್ತವೆಂಬುದು ಇಂತಹ ವ್ಯಾಜ್ಯಗಳನ್ನು ನೋಡಿದರೆ ಅರ್ಥವಾಗುತ್ತದೆ. ಮಗುವು ಪ್ರೀತಿಯಿಂದ ಬರೆದ ಚಿತ್ರವು ಹಿಂದಿರುಗಿ ಬಂದರೆ ಅದು ಚಿತ್ರದ ತಿರಸ್ಕಾರವಲ್ಲ, ವಕೀಲರ ಎಚ್ಚರಿಕೆ.

ನಮ್ಮ ದೇಶದ ಕಾಯಿದೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆರ್. ಜಿ. ಆನಂದ್ ಎಂಬ ನಾಟಕಕಾರರು, ತಮ್ಮ 'ಹಮ್ ಹಿಂದೂಸ್ತಾನಿ' ಎಂಬ ನಾಟಕದಿಂದ 'ನ್ಯೂ ಡೆಲ್ಲಿ' ಎಂಬ ಚಲಚ್ಚಿತ್ರವನ್ನು ಕದಿಯಲಾಗಿದೆಯೆಂದು ನ್ಯಾಯಾಲಯದ ಮೆಟ್ಟಿಲೇರಿದ್ದರು. 1978ರಲ್ಲಿ ಸುಪ್ರೀಂ ಕೋರ್ಟು ಅವರ ವಿರುದ್ಧವಾಗಿ ತೀರ್ಪಿತ್ತಿತು. ಬರಿಯ ಭಾವನೆ, ವಿಷಯ, ಕಥಾವಸ್ತು ಇವುಗಳ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ. ಆ ಭಾವನೆಗೆ ಕೊಟ್ಟ ರೂಪಕ್ಕೆ ಮಾತ್ರ ರಕ್ಷಣೆಯುಂಟು ಎಂಬುದು ಅದರ ತಾತ್ಪರ್ಯ. ಬೆಟ್ಟದೊಳಗೆ ಬಂಡಿ ಓಡಲಿ ಎಂಬ ಮಾತು ಎಲ್ಲರದು. ಒಬ್ಬನು ಬರೆದ ಬೆಟ್ಟದ ಚಿತ್ರವು ಅವನದು. ಈ ನಿಯಮವು ಕೆಲವೊಮ್ಮೆ ಬಡ ಕಲ್ಪಕನಿಗೆ ಕಠೋರವಾಗಿ ತೋರಬಹುದು. ಆದರೆ ಭಾವನೆಗಳಿಗೂ ಬೇಲಿ ಹಾಕಿದರೆ ಮುಂದಿನ ಮಗುವಿಗೆ ಬರೆಯಲು ಯಾವ ಬೆಟ್ಟ ಉಳಿದೀತು?

ರೂಪಕ್ಕೆ ಏಕೆ ಅಷ್ಟು ಬೆಲೆಯೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಬಂಡಿಯು ತಲೆಕೆಳಗಾಗಿ ಸುತ್ತಬೇಕೆಂದರೆ ಯಾವ ಹುಡುಗನಾದರೂ ಬಳೆಯಂತೆ ದುಂಡಗಿನ ಸುತ್ತನ್ನೇ ಬರೆಯುತ್ತಾನೆ. ದೊಡ್ಡವರೂ ಮೊದಲು ಹಾಗೆಯೇ ಮಾಡಿದರು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ತೆರೆದ 'ಫ್ಲಿಪ್ ಫ್ಲಾಪ್' ಎಂಬ ಆಟದ ಸುತ್ತು ದುಂಡಗಿತ್ತು; ಕುಳಿತವರ ಕತ್ತುಗಳು ಉಳುಕುತ್ತಿದ್ದವು. ಲೆಕ್ಕ ಹಾಕಿದರೆ ಕಾರಣವು ತಿಳಿಯುತ್ತದೆ. ಸುತ್ತಿನ ತುದಿಯಲ್ಲಿ ಬೀಳದಿರುವಷ್ಟೇ ವೇಗದಿಂದ ಹೋಗುವ ಬಂಡಿಯಾದರೂ, ದುಂಡು ಸುತ್ತಿನ ಬುಡದಲ್ಲಿ ಕುಳಿತವನಿಗೆ ತನ್ನ ತೂಕವು ಆರು ಪಟ್ಟು ಹೆಚ್ಚಿದಂತೆ ತೋರುವುದು, ಅದೂ ಕ್ಷಣಾರ್ಧದಲ್ಲಿ. ಬುಡದಲ್ಲಿ ವೇಗ ಹೆಚ್ಚು, ಆದುದರಿಂದ ಅಲ್ಲಿ ಬಾಗು ವಿಶಾಲವಾಗಿರಬೇಕು. ತುದಿಯಲ್ಲಿ ವೇಗ ಕಡಿಮೆ, ಅಲ್ಲಿ ಬಾಗು ಬಿಗಿಯಾಗಿರಬಹುದು. ಹೀಗೆ ಎಣಿಸಿದಾಗ ಬಳೆಯು ತಲೆಕೆಳಗಾದ ನೀರಹನಿಯ ಆಕಾರವನ್ನು ತಾಳುತ್ತದೆ. ಅದರ ಚೂಪು ಕೆಳಗೆ, ಉರುಟು ಮೇಲೆ. ಜರ್ಮನಿಯ ವರ್ನರ್ ಸ್ಟೆಂಗೆಲ್ ಎಂಬ ಎಂಜಿನಿಯರರು ಈ ಆಕಾರವನ್ನು ಬಳಸಿದ 'ರೆವೊಲ್ಯೂಷನ್' ಎಂಬ ಆಟವು 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಮೇಲೆ ತಲೆಕೆಳಗಾಗುವ ಸುಖವು ಸಾಮಾನ್ಯರ ಕತ್ತಿಗೂ ಎಟುಕಿತು. ಕಲ್ಪನೆಗೂ ಕಟ್ಟಡಕ್ಕೂ ನಡುವೆ ಇರುವುದು ಆ ಹುಡುಗನು ಬಿಟ್ಟೆದ್ದ ಲೆಕ್ಕವೇ.

ಈಚಿನ ಮಕ್ಕಳಿಗೆ ಒಂದು ಅನುಕೂಲವಿದೆ. 1999ರಲ್ಲಿ ಕ್ರಿಸ್ ಸಾಯರ್ ಎಂಬವರು ರಚಿಸಿದ 'ರೋಲರ್‌ಕೋಸ್ಟರ್ ಟೈಕೂನ್' ಎಂಬ ಕಂಪ್ಯೂಟರಿನ ಆಟದಲ್ಲಿ ಮನೆಯಲ್ಲಿ ಕುಳಿತೇ ವಿನೋದವನವನ್ನು ಕಟ್ಟಬಹುದು. ಹಳಿ ತಪ್ಪಾದರೆ ಬಂಡಿ ಉರುಳುತ್ತದೆ. ಟಿಕೆಟ್ಟು ದುಬಾರಿಯಾದರೆ ಜನರು ಹತ್ತುವುದಿಲ್ಲ. ಕಸ ಗುಡಿಸುವವರನ್ನು ನೇಮಿಸದಿದ್ದರೆ ವನವು ಹೊಲಸಾಗುತ್ತದೆ. ಅಭಿಮಾನಿಗಳು ಮೆಚ್ಚಿ ಬಳಸುವ 'ನೋ ಲಿಮಿಟ್ಸ್' ಎಂಬ ಇನ್ನೊಂದು ಸಾಧನವನ್ನು ಸವಾರಿಗಳನ್ನು ನಿಜವಾಗಿ ತಯಾರಿಸುವವರೂ ಉಪಯೋಗಿಸುತ್ತಾರೆ. ಆಟವಾಡುವವನ ಮೇಜಿಗೂ ಕಸಬುದಾರನ ಮೇಜಿಗೂ ಇದ್ದ ದೂರವು ಇಷ್ಟರಮಟ್ಟಿಗೆ ಕಡಿಮೆಯಾಗಿದೆ.

ಈಗ ಗೃಹಸ್ಥರು ಮಾಡತಕ್ಕುದೇನು? ಮಗುವು ಚಿತ್ರವನ್ನು ತಂದಾಗ ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. "ನಿನ್ನ ಬೆಟ್ಟವನ್ನು ನಾಳೆಯೇ ಕಟ್ಟುತ್ತಾರೆ" ಎಂಬ ಸುಳ್ಳು ಭರವಸೆಯೂ ಬೇಡ. ಪ್ರಶ್ನೆಗಳನ್ನು ಕೇಳಿದರೆ ಸಾಕು. "ಜನರು ಸರದಿಗಾಗಿ ಎಲ್ಲಿ ನಿಲ್ಲುತ್ತಾರಪ್ಪ? ಅಲ್ಲಿ ನೆರಳಿದೆಯೆ? ಮಂಡಿನೋವಿನ ಅಜ್ಜಿ ಹತ್ತುವುದು ಹೇಗೆ? ವಿದ್ಯುತ್ತು ನಿಂತುಹೋದರೆ ಮೇಲಿರುವವರನ್ನು ಇಳಿಸುವುದು ಹೇಗೆ?" ಒಂದೊಂದು ಪ್ರಶ್ನೆಗೂ ಹುಡುಗನು ಇನ್ನೊಂದು ಹಾಳೆಯನ್ನು ತೆಗೆದುಕೊಳ್ಳುವನು, ಒಂದೊಂದು ಹಾಳೆಯಲ್ಲಿಯೂ ಭಾವನೆಯು ರೂಪಕ್ಕೆ ಒಂದು ಹೆಜ್ಜೆ ಹತ್ತಿರ ಬರುವುದು. ಬಳಿಕ ಮೂಲೆಯಲ್ಲಿ ಅವನ ಹೆಸರನ್ನೂ ತಾರೀಖನ್ನೂ ಬರೆಯಿಸಿ, ಜಾತಕ, ಪಟ್ಟಿಗಳನ್ನಿಡುವ ಪೆಟ್ಟಿಗೆಯಲ್ಲಿಯೇ ಇಡಿರಿ. ಹೆಣ್ಣುಮಗುವಿನ ಚಿತ್ರವಾದರೂ ಇದೇ ಮಾತು. ಅದು ರಂಗೋಲಿಯಾಗಿರಲೇಬೇಕೆಂಬ ನಿಯಮವೇನೂ ಇಲ್ಲ.

ಆ ಬೆಟ್ಟವು ಎಂದಿಗೂ ಏಳದೆಯೇ ಹೋಗಬಹುದು; ಬಹುಮಟ್ಟಿಗೆ ಹಾಗೆಯೇ ಆಗುವುದು. ಆದರೆ ಆ ಹುಡುಗನು ಮುಂದೆ ಸೇತುವೆಯನ್ನೋ, ಶಾಲೆಯನ್ನೋ, ಊರ ಕೆರೆಗೆ ತೂಬನ್ನೋ ಕಟ್ಟುವಾಗ ಜನರು ಎಲ್ಲಿ ನಿಲ್ಲುತ್ತಾರೆ, ಅಜ್ಜಿ ಹೇಗೆ ಹತ್ತುತ್ತಾಳೆ ಎಂದು ತಾನಾಗಿಯೇ ಕೇಳಿಕೊಂಡಾನು. ಒಲೆಯ ಮೇಲಿನ ಅನ್ನವನ್ನು ಇಳಿಸಿ ಐದು ನಿಮಿಷ ಆ ಹಾಳೆಯನ್ನು ನೋಡುವುದರಿಂದ ಯಾವ ಮನೆಗೂ ನಷ್ಟವಾಗದು.